ಕೆಂಚ ಮುದ್ದೆ ಬಿಟ್ಟ ದಿನ

ನಮ್ಮ ಮನೆಯಲ್ಲಿ ಊಟದ ವಿಷಯಕ್ಕೆ ಕ್ಯಾತೆ ತೆಗೆಯುವವರು ಇಬ್ಬರು. ಒಬ್ಬ ನಾನು, ಇನ್ನೊಬ್ಬ ಕೆಂಚ. ನನ್ನ ಕ್ಯಾತೆ ನಡೆಯುವುದಿಲ್ಲ, ಕೆಂಚನದು ನಡೆಯುತ್ತದೆ.

ಕೆಂಚ ಎಂದರೆ ನಮ್ಮ ನಾಯಿ. ಜಾತಿ ಗೀತಿ ಕೇಳಬೇಡಿ. 2019ರ ಮಳೆಗಾಲದಲ್ಲಿ ಶಾಲೆಯ ಕಾಂಪೌಂಡಿನಾಚೆ ಚರಂಡಿಯಲ್ಲಿ ನಡುಗುತ್ತಾ ನಿಂತಿದ್ದ ಮರಿಯನ್ನು ನನ್ನ ಒಂಬತ್ತನೇ ತರಗತಿಯ ಹುಡುಗರು ಎತ್ತಿ ತಂದು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟರು. “ಸಾರ್, ನಮ್ಮನೇಲಿ ತಗೊಂಡೋದ್ರೆ ಬೈತಾರೆ, ನೀವೇ ಸಾಕ್ಕೊಳ್ಳಿ” ಎಂದರು. ನಮ್ಮ ಮನೆಯಲ್ಲೂ ಬೈಯುವವರಿದ್ದಾರೆ ಎಂಬುದು ಆ ಹುಡುಗರಿಗೆ ಹೇಗೆ ಗೊತ್ತಾಗಬೇಕು? ಆದರೆ ಬೈಯಬೇಕಾದವಳೇ ಅಂದು ರಾತ್ರಿ ಗೋಣಿಚೀಲ ಹಾಸಿ, ಬಿಸಿ ಹಾಲಿಟ್ಟಳು. ಚರಂಡಿಯಿಂದ ಬಂದವನು ಆರು ತಿಂಗಳಿಗೆ ನವಾಬನಾದ. ಮುದ್ದೆಯನ್ನು ಮುರಿದು, ಈರುಳ್ಳಿ ಖಾರ ಬೀಳದ ಬೇಳೆಕಟ್ಟಿನಲ್ಲಿ ಅದ್ದಿ ಇಟ್ಟರೆ ತಿನ್ನುತ್ತಾನೆ. ಅನ್ನ ಹಾಕಿದರೆ ಒಮ್ಮೆ ಮೂಸಿ, ನಮ್ಮ ಮುಖವನ್ನೊಮ್ಮೆ ನೋಡಿ, “ಇದನ್ನು ಯಾರಿಗೆ ಇಟ್ಟಿರಿ?” ಎನ್ನುವಂತೆ ಹೊರಗೆ ಹೋಗಿ ಮಲಗುತ್ತಾನೆ.

ಚಳ್ಳಕೆರೆ ಸೀಮೆಯ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೆ ನಂಬುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಕೆಂಚನ ಮುದ್ದೆಯೂ ಸಣ್ಣದಾಗುತ್ತದೆ. ಮಧ್ಯಾಹ್ನವೆಲ್ಲ ಬಚ್ಚಲ ಕಲ್ಲಿಗೆ ಹೊಟ್ಟೆ ಒತ್ತಿ ಮಲಗುತ್ತಾನೆ. ತಟ್ಟೆಯ ಕಡೆ ತಲೆ ಎತ್ತುವುದಿಲ್ಲ. ಮೊದಲ ಬೇಸಿಗೆಯಲ್ಲಿ ನನ್ನ ಹೆಂಡತಿ ಗಾಬರಿಯಾದಾಗ ನಾನು ಆಕೆಯನ್ನು ಕೂರಿಸಿ ಒಂದು ಪಾಠವನ್ನೇ ಮಾಡಿದೆ. ಮೇಷ್ಟ್ರ ಹೆಂಡತಿಯಾದ ಮೇಲೆ ಕೇಳದೆ ವಿಧಿಯಿಲ್ಲ. ಆ ಪಾಠ ಇಂದಿಗೂ ಸರಿಯೇ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ದೇಹವೆಂದರೆ ಸಣ್ಣ ಉರಿಯ ಒಲೆ. ಇದು ಬರೀ ಹೋಲಿಕೆಯಲ್ಲ. 1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲಾವೋಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತೆಂದು ಅಳೆದರು. ಉಸಿರಾಟವೆಂದರೆ ನಿಧಾನವಾದ ದಹನ ಎಂಬ ತೀರ್ಮಾನಕ್ಕೆ ಬಂದರು. ತಿಂದದ್ದು ಒಲೆಗೆ ಹಾಕಿದ ಸೌದೆ. ಅಷ್ಟೇ ಅಲ್ಲ, ತಿಂದದ್ದನ್ನು ಅರಗಿಸುವ ಕೆಲಸದಿಂದಲೂ ಶಾಖ ಹುಟ್ಟುತ್ತದೆ. ಮಾಂಸ, ಮೊಟ್ಟೆ, ಬೇಳೆಯಂಥ ಪ್ರೋಟೀನು ಆಹಾರ ತಿಂದಾಗ ಈ ಶಾಖ ಇನ್ನೂ ಹೆಚ್ಚು.

ಹುಟ್ಟಿದ ಶಾಖ ಹೊರಗೆ ಹೋಗಲೇಬೇಕು. ನಮಗೆ ಮೈಯೆಲ್ಲ ಬೆವರುತ್ತದೆ, ಬೆವರು ಆರಿದಾಗ ತಂಪಾಗುತ್ತದೆ. ನಾಯಿಯ ಬೆವರು ಮುಖ್ಯವಾಗಿ ಅಂಗಾಲಿನಲ್ಲಿ, ಅದು ಯಾವ ಮೂಲೆಗೂ ಸಾಲದು. ಅದಕ್ಕಿರುವ ದೊಡ್ಡ ಉಪಾಯ ನಾಲಿಗೆ ಜೋತುಬಿಟ್ಟು ತೇಕುವುದು. ಬಾಯಿ, ನಾಲಿಗೆ, ಶ್ವಾಸನಾಳದ ತೇವ ಆವಿಯಾಗಿ ಶಾಖವನ್ನು ಹೊತ್ತೊಯ್ಯುತ್ತದೆ. ಮೈಬಿಸಿಯ ಮಟ್ಟದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಇದೇ ನಾವು ಪಾಠದಲ್ಲಿ ಹೇಳುವ ಗುಪ್ತೋಷ್ಣ. ನಾಯಿಯ ಸಹಜ ಮೈತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ 40 ಮುಟ್ಟಿದರೆ ಮೈಯಿಂದ ಗಾಳಿಗೆ ಶಾಖ ಹರಿಯುವ ಮಾತೇ ಇಲ್ಲ, ಗಾಳಿಯಿಂದಲೇ ಮೈಗೆ ಬರುತ್ತದೆ. ಆಗ ಉಳಿಯುವ ದಾರಿ ನೀರು ಆವಿಯಾಗುವುದೊಂದೇ. ಮಂಗಳೂರಿನಂಥ ಊರಿನಲ್ಲಿ ಬಿಸಿಲು 33 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚಾಗಿರುವುದರಿಂದ ಆ ದಾರಿಯೂ ಅರ್ಧ ಮುಚ್ಚಿರುತ್ತದೆ.

ಇಂಥ ಹೊತ್ತಿನಲ್ಲಿ ಬುದ್ಧಿವಂತ ಪ್ರಾಣಿ ಏನು ಮಾಡಬೇಕು? ಒಲೆಗೆ ಸೌದೆ ಕಡಿಮೆ ಹಾಕಬೇಕು. ಕೆಂಚ ಮಾಡುವುದೂ ಅದನ್ನೇ. ಬಿಸಿಲಿಗೆ ಓಡಾಟವೂ ಕಡಿಮೆ, ಆದ್ದರಿಂದ ಖರ್ಚೂ ಕಡಿಮೆ. ಇನ್ನೊಂದು ಸಂಗತಿಯಿದೆ. ನಾಯಿಗೆ ರುಚಿ ಎಂದರೆ ಮುಕ್ಕಾಲು ಪಾಲು ವಾಸನೆ. ಬಾಯಿ ತೆರೆದು ತೇಕುವುದು, ಮೂಗಿನಿಂದ ಮೂಸುವುದು, ಎರಡನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ. ತೇಕುತ್ತಿರುವ ನಾಯಿಯ ಮುಂದೆ ಮೃಷ್ಟಾನ್ನವಿಟ್ಟರೂ ಅದು ಸಪ್ಪೆಯೇ.

ಹಾಗಾಗಿ ಬೇಸಿಗೆಯಲ್ಲಿ ಬದಲಿಸಬೇಕಾದದ್ದು ಮೊದಲು ಹೊತ್ತು, ಆಮೇಲೆ ಊಟ. ಬೆಳಿಗ್ಗೆ ಆರರೊಳಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ ಇಡಿ. ನಡುಮಧ್ಯಾಹ್ನ ಬೇಡ. ಬೇಳೆಕಟ್ಟು ಹೆಚ್ಚು ಬೆರೆಸಿ ತೆಳ್ಳಗೆ ಮಾಡಿದರೆ ಊಟದೊಂದಿಗೆ ನೀರೂ ಹೋಗುತ್ತದೆ. ಉಪ್ಪು ಬೇಡ. ಸ್ವಲ್ಪ ಮೊಸರು, ಸೌತೆಕಾಯಿ ಹೋಳು, ಬೀಜ ತೆಗೆದ ಕಲ್ಲಂಗಡಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ನಾವು ಚೀಪಿ ಎಸೆದ ಮಾವಿನ ಓಟೆಯನ್ನೂ ಅದರ ಬಾಯಿಗೆ ಸಿಗದಂತೆ ಇಡಿ, ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಇಟ್ಟ ಊಟ ಸೆಕೆಗೆ ಗಂಟೆಯೊಪ್ಪತ್ತಿನಲ್ಲಿ ಹಳಸುತ್ತದೆ, ಸಂಜೆಯವರೆಗೆ ಬಿಡಬೇಡಿ. ನೀರು ಮಾತ್ರ ಸದಾ ಇರಲಿ, ಮಣ್ಣಿನ ಪಾತ್ರೆಯಲ್ಲಿ, ನೆರಳಿನಲ್ಲಿ. ಹದಿನೈದು ಕಿಲೋ ತೂಗುವ ನಾಯಿಗೆ ಸಾಮಾನ್ಯ ದಿನದಲ್ಲೇ ಮುಕ್ಕಾಲು ಲೀಟರಿನ ಮೇಲೆ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಇಷ್ಟು ಬಿಸಿಲಿನ ಪಾಲಾಯಿತು. ಕ್ಯಾತೆಯಲ್ಲಿ ನಮ್ಮದೂ ಒಂದು ಪಾಲಿದೆ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಷ್ಯಾದ ಪಾವ್ಲೊವ್, ಊಟ ಬಾಯಿಗೆ ಬೀಳುವ ಮೊದಲೇ, ಅದರ ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಅವರು ನಾಯಿಗೆ ಕಲಿಸಿದರು. ನಮ್ಮ ಮನೆಯಲ್ಲಿ ನಾಯಿಯೇ ನಮಗೆ ಕಲಿಸಿತು. ಮುದ್ದೆ ಬಿಟ್ಟರೆ ತುಪ್ಪ ಬೀಳುತ್ತದೆ, ತುಪ್ಪ ಬಿಟ್ಟರೆ ಹಾಲು ಬರುತ್ತದೆ, ಹಾಲೂ ಬಿಟ್ಟರೆ ಮೇಷ್ಟ್ರ ಜೇಬಿನಿಂದ ಬಿಸ್ಕತ್ತು ಹೊರಬರುತ್ತದೆ! ಇದಕ್ಕೆ ಮದ್ದೆಂದು ನಾನೊಂದು ಕಾನೂನು ಮಾಡಿದೆ. ತಟ್ಟೆ ಇಪ್ಪತ್ತು ನಿಮಿಷ ಇರುತ್ತದೆ. ತಿಂದರೆ ಸರಿ, ಇಲ್ಲದಿದ್ದರೆ ಮುಂದಿನ ಹೊತ್ತಿಗೇ ಊಟ. ನಡುವೆ ಏನೂ ಇಲ್ಲ. ಕಾನೂನು ಫಲ ಕೊಟ್ಟಿತು. ವಾರದೊಳಗೆ ಕೆಂಚ ತೆಪ್ಪಗೆ ಮುದ್ದೆಗೆ ಬಂದ. ನನಗೂ ಒಂದು ಬಗೆಯ ಹಮ್ಮು ಬಂತು.

ಆ ಹಮ್ಮು ಇಳಿದದ್ದು 2024ರ ಏಪ್ರಿಲ್‌ನಲ್ಲಿ.

ಒಂದು ಬೆಳಿಗ್ಗೆ ಕೆಂಚ ಮುದ್ದೆ ಮುಟ್ಟಲಿಲ್ಲ. “ಬಿಸಿಲು” ಎಂದೆ. ರಾತ್ರಿಯೂ ಮುಟ್ಟಲಿಲ್ಲ. “ಹಟ” ಎಂದೆ. ಕಾನೂನಿನ ಪ್ರಕಾರ ತಟ್ಟೆ ಎತ್ತಿಟ್ಟೆ. ಮರುದಿನ ಎರಡು ಹೊತ್ತೂ ಅದೇ ಕಥೆ. ನೀರು ಮಾತ್ರ ನಾಲ್ಕು ಗುಟುಕು ನೆಕ್ಕಿದ. ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಬಿಸಿಲಿಗೆ ಬಿಟ್ಟ ಅಂತೀರಲ್ಲ, ರಾತ್ರಿ ಬಿಸಿಲೆಲ್ಲಿರುತ್ತೆ?” ಎಂದಳು. ನಾನು ಗುಪ್ತೋಷ್ಣದ ಪಾಠ ಮತ್ತೆ ತೆಗೆದೆ. ಹೆಂಚು, ಗೋಡೆ ರಾತ್ರಿಯೂ ಹೇಗೆ ಶಾಖ ಬಿಡುತ್ತವೆ ಎಂದು ವಿವರಿಸಿದೆ. ಆಕೆ ಸುಮ್ಮನೆ ಒಳಗೆ ಹೋದಳು.

ಆ ರಾತ್ರಿ ಹನ್ನೊಂದರ ಸುಮಾರಿಗೆ ಗುಡುಗಿ, ಆ ಬೇಸಿಗೆಯ ಮೊದಲ ಮಳೆ ಒಂದು ತಾಸು ಹೊಯ್ಯಿತು. ಮಣ್ಣಿನ ವಾಸನೆ ಎದ್ದಿತು. ಬೀದಿಯ ನಾಯಿಗಳೆಲ್ಲ ಹುಚ್ಚೆದ್ದು ಕುಣಿದವು. ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು. ಕೆಂಚ ಮಾತ್ರ ಗೋಣಿಚೀಲದ ಮೇಲಿಂದ ಏಳಲಿಲ್ಲ.

ಪ್ರಯೋಗದಲ್ಲಿ ಒಂದು ಕಾರಣವನ್ನು ತೆಗೆದು ನೋಡಬೇಕು, ಆಮೇಲೂ ಪರಿಣಾಮ ಉಳಿದರೆ ಅದು ಕಾರಣವಲ್ಲ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಹೆಂಡತಿ ಕೇಳಿದ್ದೂ ಅದನ್ನೇ. ಆಕೆಯ ಪ್ರಶ್ನೆಗೆ ನಾನು ಕೊಡದ ಉತ್ತರವನ್ನು ಮಳೆ ಕೊಟ್ಟಿತ್ತು.

ಆಕೆ ಆಗಲೇ ಕೆಂಚನ ಪಕ್ಕ ಕುಳಿತು ತುಟಿ ಎತ್ತಿ ನೋಡುತ್ತಿದ್ದಳು. “ಇಲ್ಲಿ ನೋಡಿ, ಒಸಡು ಹೇಗೆ ಬಿಳಿಚಿಕೊಂಡಿದೆ.” ಕಿವಿ ಮಡಚಿದರೆ ಒಳಗೆ ಹರಳಿನ ಬೀಜದಂತೆ ಊದಿದ ಮೂರು ಉಣ್ಣೆ. ಬೆರಳುಗಳ ಸಂದಿಯಲ್ಲಿ ಇನ್ನೆರಡು. ಗುದದಲ್ಲಿ ಥರ್ಮಾಮೀಟರ್ ಇಟ್ಟೆ. 40.3 ತೋರಿಸಿತು. ಆಟೊದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಹೋಗುವಾಗ ಅವನು ಒಮ್ಮೆಯೂ ತಲೆ ಎತ್ತಿ ಹೊರಗೆ ನೋಡಲಿಲ್ಲ. ಆಟೊ ಎಂದರೆ ಪ್ರಾಣ ಬಿಡುವ ನಾಯಿ ಅದು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪ್ಲೇಟ್‌ಲೆಟ್ ಬಹಳ ಇಳಿದಿತ್ತು. “ಉಣ್ಣೆ ಜ್ವರ ಮೇಷ್ಟ್ರೇ. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು” ಎಂದರು. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಒಂದು ದಿನವೂ ತಪ್ಪಿಸುವಂತಿಲ್ಲ.

ಈ ಜ್ವರಕ್ಕೆ ಕಾರಣ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನೂರಾರು ನಾಯಿಗಳು ಇದರಿಂದ ಸತ್ತವು. ಹರಡುವುದು ನಮ್ಮಲ್ಲಿ ಎಲ್ಲೆಲ್ಲೂ ಇರುವ ಕಂದು ಉಣ್ಣೆ. ಅದು ನಾಯಿಯ ಮೈಮೇಲಷ್ಟೇ ಅಲ್ಲ, ಗೋಡೆಯ ಬಿರುಕು, ಹೊಸ್ತಿಲ ಸಂದಿಯಲ್ಲೂ ಅಡಗಿ, ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಬಿಸಿ ಏರಿದಷ್ಟೂ ಮೊಟ್ಟೆಯೊಡೆದು ಬೆಳೆಯುವುದು ಬೇಗ.

ನಾನು ಎಡವಿದ್ದು ಇಲ್ಲೇ. ನಾಯಿಯ ಹಸಿವನ್ನು ತಗ್ಗಿಸುವ ಬೇಸಿಗೆಯೇ ಉಣ್ಣೆಯನ್ನೂ ಹೆಚ್ಚಿಸುತ್ತದೆ. ಎರಡರಲ್ಲೂ ಮೊದಲು ಕಾಣುವುದು ಮುಟ್ಟದ ತಟ್ಟೆಯೇ. ನನ್ನ ವಿವರಣೆಯಲ್ಲಿ ತಪ್ಪಿರಲಿಲ್ಲ, ಆದರೆ ಅದು ಸಾಮಾನ್ಯವಾಗಿ ನಾಯಿಗಳ ವಿಷಯ. ನನ್ನ ಮುಂದಿದ್ದದ್ದು ಒಂದು ನಾಯಿ. ಅದನ್ನು ನಾನು ಮುಟ್ಟಿ ನೋಡಿರಲಿಲ್ಲ.

ಆದ್ದರಿಂದ ನಾಯಿ ಸಾಕಿದವರು ಇಷ್ಟನ್ನು ನೆನಪಿಡಿ. ಬಿಸಿಲಿಗೆ ಊಟ ತಗ್ಗಿಸಿದ ನಾಯಿ ತಂಪು ಹೊತ್ತಿನಲ್ಲಿ ಸ್ವಲ್ಪವಾದರೂ ತಿನ್ನುತ್ತದೆ. ಇಷ್ಟದ ತಿಂಡಿ ತೋರಿಸಿದರೆ ಕಿವಿ ನಿಮಿರುತ್ತದೆ, ಬಾಲ ಆಡುತ್ತದೆ, ನೀರು ಚೆನ್ನಾಗಿ ಕುಡಿಯುತ್ತದೆ. ಇದಾವುದೂ ಇಲ್ಲದೆ ಒಂದು ದಿನ ಪೂರ್ತಿ ಊಟ ಬಿಟ್ಟರೆ ಅದು ಕ್ಯಾತೆಯಲ್ಲ. ಒಸಡು ಗುಲಾಬಿ ಬಣ್ಣವಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹೆಗಲ ಚರ್ಮವನ್ನು ಎತ್ತಿ ಬಿಟ್ಟರೆ ತಕ್ಷಣ ಇಳಿಯಬೇಕು, ನಿಧಾನವಾದರೆ ಮೈಯಲ್ಲಿ ನೀರಿಲ್ಲ. ವಾಂತಿ, ಭೇದಿ, ಮೂಗಿನಿಂದ ರಕ್ತ ಕಂಡರೆ ಕಾಯಬೇಡಿ. ಮೈತಾಪ 41 ದಾಟಿ ತೂರಾಡುತ್ತಿದ್ದರೆ ಬಿಸಿಲಾಘಾತವಿರಬಹುದು. ನೆರಳಿಗೆ ತಂದು ಮೈಗೆ ನೀರು ಸುರಿದು, ಗಾಳಿ ಹಾಕುತ್ತಲೇ ಡಾಕ್ಟರ ಬಳಿ ಓಡಿ. ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ಮಾತ್ರ ಕೊಡಬೇಡಿ, ಅವು ನಾಯಿಯ ಪ್ರಾಣಕ್ಕೇ ಬರಬಹುದು. ವಾರಕ್ಕೊಮ್ಮೆ ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. ಪ್ರತಿದಿನ ಕಿವಿ, ಕತ್ತು, ಬೆರಳ ಸಂದಿ ನೋಡಿ.

ಮಾತ್ರೆ ಶುರುವಾದ ಮೂರನೆಯ ರಾತ್ರಿ ನನ್ನ ಹೆಂಡತಿ ಬೆರಳಗಲದ ಮುದ್ದೆಯ ಚೂರನ್ನು ಬೇಳೆಕಟ್ಟಿನಲ್ಲಿ ಅದ್ದಿ ಕೆಂಚನ ಮೂಗಿನ ಬಳಿ ಹಿಡಿದಳು. ಬಹಳ ಹೊತ್ತು ಮೂಸಿದ. ಆಮೇಲೆ ಬಾಯಿ ತೆರೆದ. ಇನ್ನೊಂದು ಚೂರು ತಿಂದ. ಇಬ್ಬರೂ ಮಾತಾಡಲಿಲ್ಲ. ಇಪ್ಪತ್ತು ನಿಮಿಷದ ಕಾನೂನನ್ನು ಅಂದು ಯಾರೂ ನೆನಪಿಸಲಿಲ್ಲ.

ಈಗ ಬೇಸಿಗೆ ಬಂತೆಂದರೆ ನಮ್ಮ ಅಡುಗೆಮನೆಯ ಗೋಡೆಗೆ ಒಂದು ನೋಟ್‌ಬುಕ್ ತೂಗುಬೀಳುತ್ತದೆ. ತಾರೀಖು, ಮಧ್ಯಾಹ್ನದ ಬಿಸಿಲು ಎಷ್ಟು ಡಿಗ್ರಿ, ಕೆಂಚ ತಿಂದದ್ದೆಷ್ಟು, ಉಣ್ಣೆ ಸಿಕ್ಕಿತೇ, ಕೊನೆಗೆ ಷರಾ. ಗೆರೆ ಹೊಡೆದು ಕೊಟ್ಟವನು ನಾನು, ಬರೆಯುವವಳು ಅವಳು. ಮೊನ್ನೆ ಉಪ್ಪಿಟ್ಟು ಕಂಡು ನಾನು ಮುಖ ಸಿಂಡರಿಸಿದೆ. ಆಕೆ ನನ್ನ ಕಿವಿ ಮುಟ್ಟಿ ನೋಡಿ, “ಜ್ವರ ಇಲ್ಲ, ಬರೀ ಕ್ಯಾತೆ” ಎಂದು ತಟ್ಟೆ ಎತ್ತಿಟ್ಟಳು.