ಹತ್ತು ಸಲ ಬರೆಸಬೇಡಿ, ಪುಸ್ತಕ ಮುಚ್ಚಿಸಿ ಕೇಳಿ

ದೊಡ್ಡನೆಕ್ಕುಂದಿಯ ತಂದೆ ತಾಯಂದಿರಲ್ಲಿ, ಟ್ಯೂಷನ್ ಹೇಳುವ ಅಕ್ಕಂದಿರಲ್ಲಿ, ಶಾಲೆಯ ಮೇಷ್ಟ್ರು ಮಿಸ್ಸುಗಳಲ್ಲಿ ಒಂದು ಮನವಿ

ಎರಡನೇ ಕ್ಲಾಸಿನ ಮಗುವಿಗೆ ಕಾಗುಣಿತ ಹತ್ತು ಸಲ ಬರೆಯಲು ಹೇಳಿ, ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಮೊದಲು ಮೇಲಿಂದ ಕೆಳಗೆ ಕ, ಕ, ಕ ಎಂದು ಇಳಿಸುತ್ತದೆ. ಆಮೇಲೆ ಪಕ್ಕದಲ್ಲಿ ಕಾ, ಕಾ, ಕಾ. ಪುಟ ತುಂಬಿತು, ಹೋಮ್‌ವರ್ಕ್ ಮುಗಿಯಿತು. ಈಗ ಪುಸ್ತಕ ಮುಚ್ಚಿಸಿ, "ಕೂ ಬರಿ ನೋಡೋಣ" ಅನ್ನಿ. ಮಗು ತುಟಿಯಲ್ಲೇ ಕ, ಕಾ, ಕಿ, ಕೀ ಎಂದು ಮೊದಲಿಂದ ಹೇಳಿಕೊಂಡು ಬರುತ್ತದೆ. ಕೈ ದುಡಿಯಿತು, ತಲೆ ದುಡಿಯಲಿಲ್ಲ. ತಪ್ಪು ನಾವು ಕೊಟ್ಟ ಕೆಲಸದ್ದು.

ಕನ್ನಡ ಓದಲು ಕಾಲ ಬೇಕು

ಇಂಗ್ಲಿಷಿಗೆ 26 ಅಕ್ಷರ. ಕನ್ನಡ ವರ್ಣಮಾಲೆಗೆ 49, ಅದರಲ್ಲಿ ವ್ಯಂಜನವೇ 34. ಒಂದೊಂದರ ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ನಮ್ಮೂರಿನ ಬಸ್ ಬೋರ್ಡನ್ನೇ ನೋಡಿ. 'ದೊಡ್ಡನೆಕ್ಕುಂದಿ' ಎಂಬ ಐದಕ್ಷರದಲ್ಲಿ ಎರಡು ಒತ್ತು, ನಾಲ್ಕು ಸ್ವರಚಿಹ್ನೆ, ಒಂದು ಸೊನ್ನೆ ಇವೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರ ಪ್ರಬಂಧದಲ್ಲಿ ತೋರಿಸಿದ್ದಾರೆ: ಅಕ್ಷರಗಳೆಲ್ಲ ಹಿಡಿತಕ್ಕೆ ಬರಲು ನಾಲ್ಕನೇ ತರಗತಿಯವರೆಗೂ ಕಾಲ ಹಿಡಿಯುತ್ತದೆ. ಹಾಗಿರುವಾಗ ಎರಡನೇ ಕ್ಲಾಸಿನಲ್ಲಿ ಒತ್ತು ಬಿಟ್ಟ ಮಗುವನ್ನು ದಡ್ಡ ಅನ್ನುವುದು ಯಾವ ನ್ಯಾಯ?

ನೆನಪು ನಿಲ್ಲುವುದು ಹೇಗೆ?

ಒಂದೇ ಪಟ್ಟಿಗೆ ಉರು ಹೊಡೆದದ್ದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿತದ್ದು ಹೆಚ್ಚು ಉಳಿಯುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ಗೆದ್ದರು. ನೆನಪಿಸಿಕೊಳ್ಳುವ ಆ ತಿಣುಕಾಟವೇ ಕಲಿಕೆ.

"ಬರೆಸದಿದ್ದರೆ ಅಕ್ಷರ ದುಂಡಗಾಗುತ್ತಾ?" ಎಂದು ಕೇಳುತ್ತೀರಿ. ಬರೆಯಲಿ, ಒಂದು ಸಾಲು ನೋಡಿ, ಒಂದು ಸಾಲು ನೋಡದೆ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಬಗ್ಗೆ "ಬರೀ ಆಟ ಆಡಿಸ್ತಾರೆ" ಎಂಬ ದೂರೂ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕಾರ್ಡುಗಳು ಮಗುವನ್ನು ಅದರದೇ ವೇಗದಲ್ಲಿ ಮೆಟ್ಟಿಲು ಹತ್ತಿಸಲೆಂದೇ ಇರುವುದು.

ಇವತ್ತಿಂದ ಹೀಗೆ ಮಾಡಿ

• ರಾತ್ರಿ ಊಟಕ್ಕೆ ಮುಂಚೆ ಐದು ನಿಮಿಷ, ಪುಸ್ತಕ ಮುಚ್ಚಿಸಿ, "ಇವತ್ತು ಏನು ಪಾಠ ಆಯ್ತು, ಹೇಳು" ಎಂದು ಕೇಳಿ. ನಿಮ್ಮ ಮನೆಮಾತು ತೆಲುಗು, ತಮಿಳು, ಉರ್ದು, ಹಿಂದಿ ಯಾವುದಾದರೂ ಸರಿ, ಅದರಲ್ಲೇ ಹೇಳಲಿ. ನಿಮಗೆ ಓದು ಬರಹ ಬರದಿದ್ದರೂ ಇದು ಸಾಧ್ಯ.
• ಕಾಗುಣಿತ, ಮಗ್ಗಿಗಳನ್ನು ಕ್ರಮ ತಪ್ಪಿಸಿ ಕೇಳಿ. ಮೀ ಆದ ಮೇಲೆ ತೊ. ಏಳಾರ್ಲಿ ಆದ ಮೇಲೆ ಏಳ್ಮೂರ್ಲಿ.
• ಇವತ್ತು ಕೇಳಿದ್ದನ್ನು ನಾಳೆ ಕೇಳಿ, ಮತ್ತೆ ವಾರ ಬಿಟ್ಟು ಕೇಳಿ.
• ಉತ್ತರ ತಡವಾದರೆ ಕಾಯಿರಿ. ಬಾಯಿಗೆ ತುರುಕಬೇಡಿ.
• ಮಾರತ್‌ಹಳ್ಳಿಗೆ ಹೋಗುವಾಗ ಅಂಗಡಿ ಬೋರ್ಡು ಓದಿಸಿ.
• 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಕಲಿತದ್ದು ಗಟ್ಟಿಯಾಗಲು ನಿದ್ದೆ ನೆರವಾಗುತ್ತದೆ. ಹೋಮ್‌ವರ್ಕಿಗಾಗಿ ಹನ್ನೊಂದರವರೆಗೆ ಎಬ್ಬಿಸಿ ಕೂರಿಸಬೇಡಿ.

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ, ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಬಾಯಿಬಿಟ್ಟು ಕೇಳಿ: ಹತ್ತು ಸಲ ಬರೆಸುವ ಹೋಮ್‌ವರ್ಕ್ ನಿಲ್ಲಿಸಿ, ಐದು ಪ್ರಶ್ನೆ ಕೊಟ್ಟು ಕಳಿಸಿ. ಒಬ್ಬರು ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಪ್ಪತ್ತು ಜನ ಕೇಳಿದರೆ ಶಾಲೆ ಕೇಳಲೇಬೇಕು.

ಓದಿ ಎಸೆಯಬೇಡಿ. ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

— ದೊಡ್ಡನೆಕ್ಕುಂದಿಯ ಪೋಷಕರು ಮತ್ತು ಶಿಕ್ಷಕರ ಪರವಾಗಿ