ಕೇಳಿ ಪಡೆಯಬೇಕಾದ ಅಧಿಕಾರ

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಈಗ ಹೊರಮಾವಿನಲ್ಲಿ ನಿವೃತ್ತ ಜೀವನ ಸಾಗಿಸುತ್ತಿರುವ ನನ್ನಂಥವನು ಬಿಡಿಎಸ್‌ಎಂ ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ವಯಸ್ಕರು ಪರಸ್ಪರ ಒಪ್ಪಿ, ಒಬ್ಬರು ಆಳುವವರಾಗಿಯೂ ಮತ್ತೊಬ್ಬರು ಅಧೀನರಾಗಿಯೂ ವರ್ತಿಸುವ ಸಂಬಂಧಗಳಿಗೆ ಈ ಹೆಸರು. ಬಂಧುವರ್ಗದ ಯುವತಿಯೊಬ್ಬಳು ತಾನು ಇಂಥವರ ಕೂಟಗಳಿಗೆ ಹೋಗುವುದುಂಟೆಂದು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

‘ಮಂಚ್’ ಎಂಬ ಈ ಕೂಟಗಳು ಹೋಟೆಲುಗಳಲ್ಲಿ, ದಿನನಿತ್ಯದ ಉಡುಪಿನಲ್ಲಿ, ಕಾಫಿಯೊಂದಿಗೆ ನಡೆಯುವ ಮಾತುಕತೆಗಳಷ್ಟೇ. ಅವುಗಳ ಶಿಷ್ಟಾಚಾರ ಕೇಳಿ ನಾನು ಬೆರಗಾದೆ. ಅನುಮತಿಯಿಲ್ಲದೆ ಯಾರನ್ನೂ ಮುಟ್ಟುವಂತಿಲ್ಲ. ಫೋಟೊ ತೆಗೆಯುವಂತಿಲ್ಲ. ನಿಜನಾಮವನ್ನಾಗಲಿ ಉದ್ಯೋಗವನ್ನಾಗಲಿ ಕೆದಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರಿಗೆ ಅಧೀನರಾಗಲು ಒಪ್ಪಿದವರು ಸಭೆಗೆಲ್ಲ ಅಧೀನರಲ್ಲ. ಅಪರಿಚಿತರಿಗೆ ಅಪ್ಪಣೆ ಕೊಡುವುದು, ತನ್ನನ್ನು ‘ಸರ್’ ಎಂದೇ ಕರೆಯಬೇಕೆಂದು ಪಟ್ಟುಹಿಡಿಯುವುದು ಅಲ್ಲಿ ಅಸಭ್ಯತೆ. ಅಧಿಕಾರವನ್ನು ಕೇಳಿ ಪಡೆಯಬೇಕು. ಕೊಟ್ಟವರು ಯಾವ ಕ್ಷಣದಲ್ಲಾದರೂ ಹಿಂಪಡೆಯಬಹುದು.

ನನ್ನ ಸೇವಾವಧಿ ನೆನಪಾಯಿತು. ನನಗಿಂತ ಹದಿನೈದು ವರ್ಷ ಹಿರಿಯರಾಗಿದ್ದ ಜವಾನರೊಬ್ಬರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಕಡತ ಮುಗಿಯುವವರೆಗೂ ಅವರು ಬಾಗಿಲ ಬಳಿ ನಿಂತೇ ಇರುತ್ತಿದ್ದರು. ಅವರ ಒಪ್ಪಿಗೆಯನ್ನು ನಾನೆಂದೂ ಕೇಳಲಿಲ್ಲ. ಸಂಸ್ಥೆಯೊಂದು ಹದಗೆಟ್ಟಾಗ ಅದರ ಸದಸ್ಯರು ಹೊರನಡೆಯಬಹುದು, ಇಲ್ಲವೇ ದನಿಯೆತ್ತಬಹುದು ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಬರೆದರು. ಸಂಬಳವನ್ನೇ ನಂಬಿದ್ದ ಆ ಹಿರಿಯರಿಗೆ ಎರಡೂ ದಾರಿಗಳಿರಲಿಲ್ಲ. ನಾನು ವಿಕೃತಿಯೆಂದು ಹೀಗಳೆದ ಕೂಟದಲ್ಲಿ ಎರಡೂ ಇವೆ.

ಇದನ್ನು ಕೇವಲ ಪಾಶ್ಚಾತ್ಯ ಅನುಕರಣೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ, 2022ರಿಂದ ಜಾರಿಗೆ ಬಂದ ಆವೃತ್ತಿಯ ಪ್ರಕಾರ, ವಯಸ್ಕರ ಪರಸ್ಪರ ಸಮ್ಮತಿಯ ಇಂಥ ಒಲವು ಕಾಯಿಲೆಯಲ್ಲ.

ಹಾಗೆಂದು ಈ ಕೂಟಗಳೆಲ್ಲ ನಿರಪಾಯವೆಂದು ನಾನು ಹೇಳಲಾರೆ. ‘ಅನುಭವಿ’ ಎಂಬ ಬಿರುದು ಹೊತ್ತು ಹೊಸಬರನ್ನು ಶೋಷಿಸುವವರು ಅಲ್ಲಿಯೂ ಇದ್ದಾರೆಂದು ಆಕೆಯೇ ಒಪ್ಪಿಕೊಂಡಳು. ಗುಟ್ಟು ಬಯಲಾದೀತೆಂಬ ಅಂಜಿಕೆಯಿಂದ ಅಂಥವರ ವಿರುದ್ಧ ದೂರು ಕೊಡುವವರು ವಿರಳ. ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಮಿನ ಪ್ರಕಾರ, ಹಾನಿಯ ಭಯದಿಂದ ಕೊಟ್ಟ ಸಮ್ಮತಿ, ಎದುರಿನವನಿಗೆ ಅದರ ಅರಿವಿದ್ದರೆ, ಸಮ್ಮತಿಯೇ ಅಲ್ಲ. ಆದರೆ ಕಾನೂನಿನ ಬಾಗಿಲು ತಟ್ಟಲೂ ಧೈರ್ಯ ಬೇಕು. ಆದ್ದರಿಂದ ಅಲ್ಲಿ ಶಿಷ್ಟಾಚಾರ ಬರಿಯ ನಯನಾಜೂಕಲ್ಲ, ದುರ್ಬಲರಿಗಿರುವ ಮೊದಲ ರಕ್ಷಣೆ. ಅದನ್ನು ಮುರಿದವರನ್ನು ಕೂಟದ ಹಿರಿಯರೇ ಹೊರಹಾಕಬೇಕು. ಸಮಾಜವಾದರೋ, ಇಂಥವರ ಗುಟ್ಟು ರಟ್ಟು ಮಾಡಿ ಮೋಜು ನೋಡುವುದನ್ನು ನಿಲ್ಲಿಸಬೇಕು. ಏಕೆಂದರೆ ಶೋಷಕನ ದೊಡ್ಡ ಆಯುಧ ನಮ್ಮ ಆ ಮೋಜೇ.

ಆಕೆಯ ಬದುಕಿನ ಆಯ್ಕೆ ನನಗೆ ಇಂದಿಗೂ ಪೂರ್ಣವಾಗಿ ಅರ್ಥವಾಗಿಲ್ಲ, ಅರ್ಥವಾಗಲೇಬೇಕೆಂದೂ ಇಲ್ಲ. ‘ಬೇಡ’ ಎಂಬ ಮಾತಿಗೆ ಅಲ್ಲಿರುವ ಬೆಲೆ ಮಾತ್ರ ಅರ್ಥವಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರು ಅರವತ್ತು ದಾಟಿದವರು. ಕಾಲೇಜು ಹುಡುಗರೂ ಅವರನ್ನು ‘ಏಯ್, ಬಾ ಇಲ್ಲಿ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ಈಚೆಗೆ ‘ನೀವು’ ಎನ್ನತೊಡಗಿದ್ದೇನೆ. ಮೊದಲ ದಿನ ಅವರು ಹಿಂದೆ ತಿರುಗಿ, ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದರು.