ಓಮ್ನಿ ಹೋಯಿತು, ಅದರ ಜಾಗಕ್ಕೆ ಯಾರು?

ದಾವಣಗೆರೆ ಮಂಡಿಪೇಟೆಯ ದಿನಸಿ ಸಾಹುಕಾರರೊಬ್ಬರು ಮೊನ್ನೆ ಬೆಳಿಗ್ಗೆ ಚಹಾದಂಗಡಿ ಮುಂದೆ ಸಿಕ್ಕರು. ಮುಖ ಸಪ್ಪಗಿತ್ತು. "ಏನ್ ಸಾಹುಕಾರ್ರೇ, ವ್ಯಾಪಾರ ಡಲ್ಲಾ?" ಅಂದೆವು.

"ವ್ಯಾಪಾರದ್ದಲ್ರೀ, ನಮ್ ಓಮ್ನಿದು ಚಿಂತೆ. ಹದಿನೈದು ವರ್ಷ ತುಂಬ್ತು. ಹೊಸಾದು ತಗಳ್ಳಾಣ ಅಂದ್ರೆ ಓಮ್ನಿ ಬರಾದೇ ನಿಂತೈತೆ. ಮಗ ಎರ್ಟಿಗಾ ಅಂತಾನೆ. ಮನೆಯಾಕಿ ಇನ್ನೋವಾ ಅಂತಾಳೆ. ಗುಮಾಸ್ತ ಈಕೋ ಸಾಕು ಅಂತಾನೆ. ನೀವು ಪೇಪರ್ನೋರು, ನೀವೇ ಹೇಳ್ರೀ" ಅಂದರು.

ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳುವ ಮಾತಲ್ಲ ಇದು. ಈ ಪ್ರಶ್ನೆ ಅವರೊಬ್ಬರದೂ ಅಲ್ಲ. ಚೌಕಿಪೇಟೆಯ ಬಟ್ಟೆ ಅಂಗಡಿಯವರದು, ಹರಿಹರದ ಹಾರ್ಡ್‌ವೇರ್ ಅಂಗಡಿಯವರದು, ಹೊನ್ನಾಳಿ ಬಸ್ಸಿಗೆ ಕಾದು ಸಾಕಾಗಿ "ನಾಕು ಜನ ಸೇರಿ ಒಂದು ಗಾಡಿ ಮಾಡ್ಕೊಂಡ್ರೆ ಹೆಂಗೆ" ಅನ್ನುವ ದಿನನಿತ್ಯದ ಪ್ರಯಾಣಿಕರದು. ಅದಕ್ಕೇ ಇವತ್ತಿನ ಅಂಕಣ ಈ ಲೆಕ್ಕಕ್ಕೆ ಮೀಸಲು.

ಎಂಟು ಸೀಟಿನ ಡಬ್ಬಿ

ಮೊದಲು ಹೋದ ಗಾಡಿಯ ಗುಣಗಾನ. ಮಾರುತಿ ಕಂಪನಿಯ ವ್ಯಾನು ಬಂದಿದ್ದು 1984ರಲ್ಲಿ. ಓಮ್ನಿ ಅಂತ ಹೆಸರಾಗಿದ್ದು 1988ರಲ್ಲಿ. ಮಾರುತಿ 800 ಕಾರಿನದೇ 796 ಸಿ.ಸಿ. ಎಂಜಿನ್ನು, ಅದೂ ಮುಂದಿನ ಸೀಟಿನ ಕೆಳಗೆ. ಎರಡೂ ಕಡೆ ಜಾರುವ ಬಾಗಿಲು. ಐದು ಸೀಟಿನದೂ ಇತ್ತು, ಎಂಟು ಸೀಟಿನದೂ ಇತ್ತು.

ಈ ಡಬ್ಬಿ ಏನೇನು ಮಾಡಲಿಲ್ಲ? ಬೆಳಿಗ್ಗೆ ಸಕ್ಕರೆ ಮೂಟೆ, ಒಂಬತ್ತಕ್ಕೆ ಸ್ಕೂಲ್ ಮಕ್ಕಳು, ಮಧ್ಯಾಹ್ನ ಆಸ್ಪತ್ರೆ, ಅಮಾವಾಸ್ಯೆಗೆ ಉಕ್ಕಡಗಾತ್ರಿ. ಆಂಬುಲೆನ್ಸೂ ಆಯಿತು. ಸಿನಿಮಾದಲ್ಲಿ ನಾಯಕಿಯನ್ನು ಹೊತ್ತೊಯ್ಯಲು ಖಳನಾಯಕನಿಗೂ ಇದೇ ಗಾಡಿ ಬೇಕು! ಎಲ್ಲ ಕೆಲಸಕ್ಕೂ ಒಂದೇ ಗಾಡಿ, ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟಬಲ್ಲ ಗಾಡಿ. 2019ರಲ್ಲಿ ಅದರ ಉತ್ಪಾದನೆ ನಿಂತಿತು. ಯಾಕೆ ನಿಂತಿತು ಅನ್ನುವುದು ಮುಂದೆ ಬರುತ್ತದೆ. ಇಡೀ ಲೆಕ್ಕದ ಗಂಟು ಅಲ್ಲೇ ಇದೆ.

ಇಬ್ಬರು ಬಚ್ಚನ್ನರು ಮಾರಲಾಗದ್ದು

ಜನ ವ್ಯಾನಿನಲ್ಲಿ ಏನು ನೋಡುತ್ತಾರೆ ಅನ್ನುವುದಕ್ಕೆ ಒಂದು ಹಳೇ ಪಾಠವಿದೆ. 2001ರಲ್ಲಿ ಮಾರುತಿಯವರು ವರ್ಸಾ ಅಂತ ಒಂದು ವ್ಯಾನು ತಂದರು. ಓಮ್ನಿಗಿಂತ ಎತ್ತರ, ದೊಡ್ಡ ಎಂಜಿನ್ನು, ಹಿಂದಿನವರಿಗೂ ಎ.ಸಿ. ಜಾಹೀರಾತಿಗೆ ಅಮಿತಾಭ್ ಬಚ್ಚನ್ ಮತ್ತು ಅವರ ಮಗ ಅಭಿಷೇಕ್, ಅಪ್ಪ ಮಗ ಇಬ್ಬರೂ. ಆದರೂ ಗಾಡಿ ಏಳಲಿಲ್ಲ. "ವ್ಯಾನಿಗೆ ಇಷ್ಟು ದುಡ್ಡು ಯಾಕೆ?" ಅಂತ ಜನ ಮುಖ ತಿರುಗಿಸಿದರು.

ಆಮೇಲೆ 2010ರಲ್ಲಿ ಕಂಪನಿಯವರು ಹೆಚ್ಚು ಕಡಿಮೆ ಅದೇ ಮೈಕಟ್ಟಿನ ಗಾಡಿಯ ಒಡವೆ ಎಲ್ಲ ಬಿಚ್ಚಿಟ್ಟು, 1.2 ಲೀಟರ್ ಎಂಜಿನ್ನು ಕೂರಿಸಿ, ಸುಮಾರು ಎರಡೂವರೆ ಲಕ್ಷದ ಆಸುಪಾಸಿಗೆ ಈಕೋ ಅಂತ ಹೆಸರಿಟ್ಟು ಬಿಟ್ಟರು. ಬಿಸಿ ದೋಸೆ ಥರ ಹೋಯಿತು! 2023ರ ಹೊತ್ತಿಗೆ ಹತ್ತು ಲಕ್ಷ ಈಕೋಗಳು ಮಾರಾಟವಾಗಿದ್ದವು. ಗಾಡಿ ಅದೇ, ಗಿರಾಕಿಯೂ ಅವನೇ. ಬದಲಾಗಿದ್ದು ಬೆಲೆ ಒಂದೇ. ದುಡಿಯುವ ವ್ಯಾನು ಕೊಳ್ಳುವವನು ನಟನ ಮುಖ ನೋಡುವುದಿಲ್ಲ, ಗಲ್ಲಾಪೆಟ್ಟಿಗೆ ನೋಡುತ್ತಾನೆ.

ಈಗ ಕಣದಲ್ಲಿರುವವರು

ಓಮ್ನಿ ಬಿಟ್ಟುಹೋದ ಜಾಗಕ್ಕೆ ಈಗ ಐದು ಹೆಸರು ಕೇಳಿಬರುತ್ತಿವೆ. ಇಲ್ಲಿ ಕೊಟ್ಟಿರುವುದು 2025ರ ಕೊನೆಯ ಷೋರೂಂ ಬೆಲೆಯ ಅಂದಾಜು. ರಸ್ತೆ ತೆರಿಗೆ, ವಿಮೆ ಬೇರೆ.

ಈಕೋ: ಐದು ಲಕ್ಷ ಚಿಲ್ಲರೆಯಿಂದ ಆರೂವರೆ ಲಕ್ಷದವರೆಗೆ. ಜಾರುವ ಬಾಗಿಲು ಉಳಿದಿದೆ. ಸರಕಿನ ಗಾಡಿಯಾಗಿಯೂ ಸಿಗುತ್ತದೆ. ಕಂಪನಿ ಹೇಳುವ ಮೈಲೇಜು ಲೀಟರಿಗೆ 19.71 ಕಿ.ಮೀ., ಸಿ.ಎನ್.ಜಿ.ಯಲ್ಲಿ ಕೆ.ಜಿ.ಗೆ 26.78. ಒಳಗೆ ಸೊಬಗು ಕಡಿಮೆ.

ರೆನೋ ಟ್ರೈಬರ್: ಆರು ಲಕ್ಷದ ಹತ್ತಿರದಿಂದ ಶುರು. 2019ರಲ್ಲಿ ಬಂದಿದ್ದು. ಏಳು ಸೀಟು. ಹಿಂದಿನ ಸಾಲಿನ ಸೀಟುಗಳನ್ನು ಎತ್ತಿ ಮನೆಯಲ್ಲಿಟ್ಟು ಸಾಮಾನು ತುಂಬಬಹುದು. ಆದರೆ ಎಂಜಿನ್ನು 999 ಸಿ.ಸಿ. ಮಾತ್ರ. ಏಳು ಜನ ತುಂಬಿ ಘಾಟಿ ಹತ್ತಿಸಿದರೆ ಏದುಸಿರು ಬಿಡುತ್ತದೆ.

ಎರ್ಟಿಗಾ: ಒಂಬತ್ತು ಲಕ್ಷದ ಹತ್ತಿರದಿಂದ ಹದಿಮೂರರವರೆಗೆ. 2012ರಲ್ಲಿ ಬಂತು, 2018ರಲ್ಲಿ ಹೊಸ ರೂಪ ಪಡೆಯಿತು. ಏಳು ಸೀಟು, ಒಂದೂವರೆ ಲೀಟರ್ ಎಂಜಿನ್ನು. 2024-25ರಲ್ಲಿ ದೇಶದಲ್ಲಿ ಸುಮಾರು 1 ಲಕ್ಷ 90 ಸಾವಿರ ಮಾರಾಟ. ಇದನ್ನೇ ಟೊಯೋಟಾದವರು ರೂಮಿಯನ್ ಅಂತ ತಮ್ಮ ಮುದ್ರೆ ಹಾಕಿ ಮಾರುತ್ತಾರೆ.

ಕಿಯಾ ಕರೆನ್ಸ್: ಎರ್ಟಿಗಾಕ್ಕಿಂತ ತುಸು ಮೇಲಿನ ಬೆಲೆ. 2022ರಲ್ಲಿ ಬಂದಿದ್ದು. ತಯಾರಾಗುವುದು ನಮ್ಮ ಗಡಿಯಾಚೆಯ ಪೆನುಕೊಂಡದಲ್ಲಿ. ಎರ್ಟಿಗಾದಲ್ಲಿ 2020ರಿಂದ ಡೀಸೆಲ್ ಇಲ್ಲ, ಇದರಲ್ಲಿ ಇದೆ.

ಇನ್ನೋವಾ: ಹದಿನೆಂಟು ಲಕ್ಷದಿಂದ ಮೇಲೆ. ನಮ್ಮ ಬಿಡದಿಯ ಮಾಲು. ಕ್ರಿಸ್ಟಾ ಅನ್ನುವುದು ಗಟ್ಟಿ ಚಾಸಿಯ ಡೀಸೆಲ್ ಗಾಡಿ. ಹೈಕ್ರಾಸ್ ಅನ್ನುವುದು ಪೆಟ್ರೋಲಿನದು, ಬ್ಯಾಟರಿ ಜೊತೆಗಿರುವ ಹೈಬ್ರಿಡ್ ಕೂಡ ಸಿಗುತ್ತದೆ.

ನಾಲ್ಕು ಮೀಟರಿನ ಗೆರೆ

ಈಕೋ ಐದು ಚಿಲ್ಲರೆ, ಎರ್ಟಿಗಾ ಒಂಬತ್ತು. ನಡುವಿನ ನಾಲ್ಕು ಲಕ್ಷ ಎಲ್ಲಿಗೆ ಹೋಯಿತು? ಎಲ್ಲಾ ಕಬ್ಬಿಣಕ್ಕೆ, ಮೆತ್ತನೆ ಸೀಟಿಗೆ ಅಂತ ತಿಳಿಯಬೇಡಿ. ಸರಕಾರ ಒಂದು ಗೆರೆ ಎಳೆದಿದೆ. ನಾಲ್ಕು ಮೀಟರು ಉದ್ದದೊಳಗೆ, 1200 ಸಿ.ಸಿ.ಯೊಳಗೆ ಇದ್ದರೆ ಅದು ಸಣ್ಣ ಪೆಟ್ರೋಲ್ ಗಾಡಿ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿ.ಎಸ್.ಟಿ. ಶೇಕಡಾ 18. ಗೆರೆ ದಾಟಿದರೆ ಶೇಕಡಾ 40. ಈಕೋ, ಟ್ರೈಬರ್ ಗೆರೆಯ ಈಚೆಗೆ. ಎರ್ಟಿಗಾ, ಕರೆನ್ಸ್, ಇನ್ನೋವಾ ಆಚೆಗೆ.

ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ. ಬಿಳಿ ಬೋರ್ಡಿನ ಕಾರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇಕಡಾ 14, ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18. ಸೆಸ್ಸು ಬೇರೆ. ಅಂದರೆ ಗಾಡಿ ದೊಡ್ಡದಾದಷ್ಟೂ ಕಂಪನಿಗಿಂತ ಖಜಾನೆಯೇ ಹೆಚ್ಚು ಖುಷಿಪಡುತ್ತದೆ.

ಕಂತಿನ ಲೆಕ್ಕ

ಸಾಹುಕಾರರಿಗೆ ಚೀಟಿಯ ಹಿಂದೆ ಬರೆದು ತೋರಿಸಿದ ಲೆಕ್ಕ ಇದು. ನೀವೂ ಹಾಕಿ ನೋಡಿ.

ಪೆಟ್ರೋಲು ಲೀಟರಿಗೆ 100 ರೂಪಾಯಿ ಎಂದೇ ಹಿಡಿಯಿರಿ. ಕಂಪನಿ ಹೇಳುವ ಮೈಲೇಜು ಕಂಪನಿಗೇ ಇರಲಿ, ಹೇರು ಹಾಕಿದ ಗಾಡಿ 15 ಕೊಟ್ಟರೆ ದೊಡ್ಡದು. ಕಿಲೋಮೀಟರಿಗೆ ಆರೂ ಮುಕ್ಕಾಲು ರೂಪಾಯಿಯ ಹತ್ತಿರ. ಈ ಲೆಕ್ಕದಲ್ಲಿ ಈಕೋಗೂ ಎರ್ಟಿಗಾಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕಂಪನಿಯ ಅಂಕಿಯಲ್ಲೂ ಎರ್ಟಿಗಾದ್ದು 20.51, ಅಂದರೆ ತುಸು ಹೆಚ್ಚೇ. "ದೊಡ್ಡ ಗಾಡಿ ಎಣ್ಣೆ ಜಾಸ್ತಿ ಕುಡಿತೈತೆ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ವ್ಯತ್ಯಾಸ ಇರುವುದು ಸಾಲದಲ್ಲಿ. ಶೇಕಡಾ 10ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 2,125. ಹೆಚ್ಚಿನ ನಾಲ್ಕು ಲಕ್ಷಕ್ಕೆ ತಿಂಗಳಿಗೆ 8,500. ಗಾಡಿ ತಿಂಗಳಿಗೆ ಇಪ್ಪತ್ತು ದಿನ ದುಡಿಯುತ್ತದೆ ಅಂದರೆ ದಿನಕ್ಕೆ 425. ಪ್ರಶ್ನೆ ಇಷ್ಟೇ: ಎರ್ಟಿಗಾ ನಿಮಗೆ ಈಕೋಗಿಂತ ದಿನಕ್ಕೆ 425 ರೂಪಾಯಿ ಹೆಚ್ಚು ದುಡಿದು ಕೊಡುತ್ತದೋ? ಮದುವೆ ಬಾಡಿಗೆ, ಬೆಂಗಳೂರು ಟ್ರಿಪ್ಪು ಇದ್ದರೆ ಕೊಡುತ್ತದೆ. ಸಕ್ಕರೆ ಮೂಟೆ ಹೊತ್ತರೆ ಕೊಡುವುದಿಲ್ಲ. ಮೂಟೆಗೆ ಮೆತ್ತನೆ ಸೀಟು ಯಾಕೆ?

ಸಿ.ಎನ್.ಜಿ. ಅಗ್ಗ ನಿಜ. ಆದರೆ ಸಿಲಿಂಡರು ಹಿಂದೆ ಸಾಮಾನಿನ ಜಾಗ ನುಂಗುತ್ತದೆ. ಗ್ಯಾಸಿನ ಬಂಕು ನಿಮ್ಮ ದಿನದ ದಾರಿಯಲ್ಲೇ ಇದೆಯೋ ಇಲ್ಲವೋ ನೋಡಿಕೊಂಡು ಮುಂದುವರಿಯಿರಿ.

ಹೆಸರಿನ ಬೆಲೆ

ಹತ್ತು ಜನ ಕೊಂಡ ಗಾಡಿ ಕೊಳ್ಳುವುದು ಕುರಿಮಂದೆ ಬುದ್ಧಿ ಅಂತ ಕೆಲವರು ನಗುತ್ತಾರೆ. ವ್ಯಾನಿನ ವಿಷಯದಲ್ಲಿ ಅದು ಪೂರ್ತಿ ನಗುವ ಮಾತಲ್ಲ. 2000ದಲ್ಲಿ ಬಿಡದಿಯಿಂದ ಬಂದ ಕ್ವಾಲಿಸ್ ನೋಡಿ. ಚೆನ್ನಾಗಿ ಮಾರುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಕಂಪನಿ ಊರು ಬಿಡಲಿಲ್ಲ, ಹಾಗಾಗಿ ಹಳೇ ಗಾಡಿಯವರು ಕಣ್ಣೀರು ಹಾಕಲಿಲ್ಲ. ಇನ್ನೊಂದು ಕಡೆ ಷೆವರ್ಲೆ ಟವೇರಾ. 2004ರಲ್ಲಿ ಬಂತು, ಟ್ಯಾಕ್ಸಿಯವರ ಮೆಚ್ಚಿನ ಗಾಡಿಯಾಯಿತು. 2013ರಲ್ಲಿ ಹೊಗೆಯ ನಿಯಮದ ತಕರಾರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಾಡಿ ವಾಪಸು ಕರೆಸಬೇಕಾಯಿತು. 2017ರ ಕೊನೆಗೆ ಕಂಪನಿ ಇಲ್ಲಿ ಮಾರಾಟವನ್ನೇ ನಿಲ್ಲಿಸಿತು. ಮಾರುವವನು ಎದ್ದುಹೋದ ಗಾಡಿಯನ್ನು ಮರುಮಾರಾಟಕ್ಕೆ ಒಯ್ದರೆ ಕೇಳುವವರು ಕಡಿಮೆ.

ಆದ್ದರಿಂದ ಷೋರೂಮಿನ ಹುಡುಗನನ್ನು ಕೇಳುವ ಮೊದಲು ನಿಮ್ಮ ಮೆಕ್ಯಾನಿಕ್ಕನ್ನು ಕೇಳಿ: "ಈ ಗಾಡಿ ಸಾಮಾನು ಊರಲ್ಲೇ ಸಿಗ್ತಾವಾ?" ಅದೇ ನಿಜವಾದ ಜನಪ್ರಿಯತೆ.

ಒಳಗೆ ಕೂತವರ ಲೆಕ್ಕ

ಈಗ ಆ ಗಂಟಿನ ಮಾತು. ಓಮ್ನಿ ಯಾಕೆ ನಿಂತಿತು? ಗಿರಾಕಿ ಇರಲಿಲ್ಲ ಅಂತಲ್ಲ. ಡಿಕ್ಕಿ ಪರೀಕ್ಷೆಯ ಹೊಸ ನಿಯಮ ಬಂತು. ಓಮ್ನಿಗೆ ಮೂತಿಯೇ ಇಲ್ಲ. ಎದುರಿನಿಂದ ಏನಾದರೂ ಬಡಿದರೆ ಮೊದಲು ಸಿಗುವುದು ಡ್ರೈವರನ ಮೊಣಕಾಲು. ಆ ಮೈಕಟ್ಟಿನಲ್ಲಿ ನಿಯಮ ಪಾಲಿಸುವುದು ಆಗದ ಮಾತಾಯಿತು. ಮೂವತ್ತೈದು ವರ್ಷ ನಾವು ಹೊಗಳಿದ ಅಗ್ಗದ ಬೆಲೆಯಲ್ಲಿ ಒಂದು ಪಾಲನ್ನು ಒಳಗೆ ಕೂತವರು ತಮ್ಮ ಮೈಯಿಂದ ಕೊಡುತ್ತಿದ್ದರು ಅನ್ನುವುದು ಕಹಿ ಸತ್ಯ.

ಉಳಿದವೇನು ಎಲ್ಲ ಉಕ್ಕಿನ ಕೋಟೆಗಳಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ ಈಕೋವನ್ನು ಗೋಡೆಗೆ ಬಡಿದು ನೋಡಿದಾಗ ಬಂದ ನಕ್ಷತ್ರ ಸೊನ್ನೆ. ಎರ್ಟಿಗಾಕ್ಕೆ 2019ರಲ್ಲಿ ಮೂರು ಬಂದಿತ್ತು, ನಿಯಮ ಬಿಗಿಯಾದ ಮೇಲೆ 2024ರಲ್ಲಿ ಒಂದೇ ಬಂತು. ಹಳೇ ನಿಯಮದಲ್ಲಿ ಟ್ರೈಬರ್‌ಗೆ 2021ರಲ್ಲಿ ನಾಲ್ಕು, ಕರೆನ್ಸ್‌ಗೆ 2022ರಲ್ಲಿ ಮೂರು. ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2025ರಲ್ಲಿ ಇನ್ನೋವಾ ಹೈಕ್ರಾಸ್ ಐದಕ್ಕೆ ಐದು ಪಡೆಯಿತು. ಅದೇ ವರ್ಷ ಈಕೋಗೂ ಎರ್ಟಿಗಾಕ್ಕೂ ಆರು ಏರ್‌ಬ್ಯಾಗು ಹಾಕಿದರು.

ಇನ್ನೊಂದು ಗಮನಿಸಿ. ಓಮ್ನಿಯಲ್ಲಿ ಎಂಟು ಸೀಟಿತ್ತು. ಈಕೋದಲ್ಲಿ ಏಳಾಯಿತು. 2025ರಲ್ಲಿ ಏಳು ಹೋಗಿ ಆರಾಯಿತು. ಕಾನೂನು ಒಂದೊಂದೇ ಸೀಟು ಕಿತ್ತುಕೊಳ್ಳುತ್ತಿದೆ ಅಂತ ಗೊಣಗಬಹುದು. ಅದೇ ಈಕೋಗೆ ಹನ್ನೆರಡು ಮಕ್ಕಳನ್ನು ತುಂಬಿ ಬ್ಯಾಗುಗಳನ್ನು ಹೊರಗೆ ನೇತುಹಾಕಿಕೊಂಡು ಹೊರಟರೆ ಆರು ಏರ್‌ಬ್ಯಾಗು ಯಾರನ್ನು ಕಾಯಬೇಕು?

ಬಾಡಿಗೆ ಆಸೆಯವರಿಗೆ

"ಹೆಂಗೂ ಗಾಡಿ ಇರ್ತೈತೆ, ನಾಕು ಬಾಡಿಗೆ ಹೊಡೆದ್ರಾಯ್ತು" ಅನ್ನುವವರಿಗೆ ಮೂರು ಮಾತು. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವಂತಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಬೋರ್ಡಿನ ಬಣ್ಣ. ಎರಡನೆಯದು, ಡ್ರೈವರನನ್ನು ಬಿಟ್ಟು ಆರು ಜನರವರೆಗೆ ಮೋಟಾರ್ ಕ್ಯಾಬ್, ಏಳರಿಂದ ಹನ್ನೆರಡರವರೆಗೆ ಮ್ಯಾಕ್ಸಿಕ್ಯಾಬ್ ಅಂತ 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಎರ್ಟಿಗಾ ಮೊದಲನೆಯದರಲ್ಲಿ ಬರುತ್ತದೆ, ಎಂಟು ಸೀಟಿನ ಇನ್ನೋವಾ ಎರಡನೆಯದರಲ್ಲಿ. ಪರ್ಮಿಟ್ಟಿನ ದಾರಿಯೇ ಬೇರೆಯಾಗುತ್ತದೆ. ಸೀಟು ಎಣಿಸಿ ಕೊಳ್ಳಿ. ಮೂರನೆಯದು, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ. ಆ ಬಸ್ಸು ಓಡುವ ದಾರಿಯಲ್ಲಿ ವ್ಯಾನಿಟ್ಟು ಸೀಟಿಗೆ ಇಷ್ಟು ಅಂತ ಕೇಳುವವನ ಅರ್ಧ ಗಿರಾಕಿ ಬಸ್ಸಿನಲ್ಲಿ ಕೂತಿರುತ್ತಾರೆ. ಬಸ್ಸಿಲ್ಲದ ಹೊತ್ತು, ಬಸ್ಸಿಲ್ಲದ ಊರು ನೋಡಿಕೊಂಡವನಿಗೆ ಮಾತ್ರ ಉಳಿಗಾಲ.

ಕಡೆಗೆ ಏನು ಹೇಳಿದೆವು?

ಎಲ್ಲಕ್ಕೂ ಆಗುವ ಒಂದು ಗಾಡಿಯ ಕಾಲ ಮುಗಿಯಿತು. ಓಮ್ನಿಯ ಜಾಗಕ್ಕೆ ಒಬ್ಬ ವಾರಸುದಾರನಿಲ್ಲ, ಆಸ್ತಿ ಪಾಲಾಗಿದೆ. ಮೂಟೆ ಹೊರುವುದಕ್ಕೆ ಈಕೋ. ಮನೆಮಂದಿಗೆ, ಕೈ ಬಿಗಿ ಇದ್ದರೆ ಟ್ರೈಬರ್, ಸಡಿಲ ಇದ್ದರೆ ಎರ್ಟಿಗಾ. ವರ್ಷವಿಡೀ ದೂರದ ಓಡಾಟ ಇದ್ದು ಡೀಸೆಲ್ಲೇ ಬೇಕು ಅನ್ನುವವರಿಗೆ ಕರೆನ್ಸ್ ಇಲ್ಲವೇ ಕ್ರಿಸ್ಟಾ. ತೋರಿಕೆಗೆ ಇನ್ನೋವಾ ತಂದು ಕಂತಿಗೆ ಅಂಗಡಿ ಮಾಲು ಮಾರುವುದು ಬೇಡ.

ಸಾಹುಕಾರರು ಚೀಟಿ ಮಡಚಿ ಜೇಬಿಗಿಟ್ಟರು. "ಹಂಗಾದ್ರೆ ಅಂಗಡಿಗೆ ಐದು ಸೀಟಿನ ಈಕೋ. ಗುಮಾಸ್ತ ಗೆದ್ದ ಅನ್ರೀ" ಅಂದರು.

"ಗೆದ್ದ. ಆದ್ರೆ ಅಮಾವಾಸ್ಯೆ ದಿನ ಉಕ್ಕಡಗಾತ್ರಿಗೆ ಹಳೇ ಓಮ್ನಿಲಿ ಹೋಗ್ತಿದ್ದ ಹದಿಮೂರು ಜನ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಐದು ಜನ ಗಾಡ್ಯಾಗೆ. ಉಳಿದೋರು ಬಸ್ಸಿಗೆ ಬರ್ಲಿ. ಅವತ್ತು ಬಸ್ಸಿಂದು ನಾನೇ ಕೊಡ್ತೀನಿ."

ಲೆಕ್ಕ ಸರಿಹೋಯಿತು.